ನಾಲ್ಕು ಜನ, ಒಂದು ಅಪಾರ್ಟ್‌ಮೆಂಟ್: ರೆಂಟರ್ಸ್ ಇನ್ಶೂರೆನ್ಸ್ ನಿಜವಾಗ್ಲೂ ಬೇಕಾ?

ಕೇಳಿದವರು: ಎಲ್ಲರಿಗೂ ನಮಸ್ಕಾರ. ಎಂ.ಎಸ್. ಓದಲು ಆಗಸ್ಟ್‌ನಲ್ಲಿ ಡಾಲಸ್ ಪಕ್ಕದ ರಿಚರ್ಡ್‌ಸನ್‌ಗೆ ಹೊರಟಿದ್ದೇನೆ. ನಾಲ್ಕು ಜನ ಹುಡುಗರು ಸೇರಿ ಎರಡು ಬೆಡ್‌ರೂಮಿನ ಮನೆ ನೋಡಿದ್ದೇವೆ. ರೆಂಟರ್ಸ್ ಇನ್ಶೂರೆನ್ಸ್ (ಬಾಡಿಗೆದಾರರು ಮಾಡಿಸುವ ವಿಮೆ) ಕಡ್ಡಾಯ, ಅದರಲ್ಲಿ 1 ಲಕ್ಷ ಡಾಲರ್ ಲಯಬಿಲಿಟಿ ಇರಲೇಬೇಕು ಅಂತ ಲೀಸ್‌ನಲ್ಲಿ ಬರೆದಿದೆ. ನನ್ನ ಆಸ್ತಿ ಅಂದರೆ ಒಂದು ಲ್ಯಾಪ್‌ಟಾಪ್, ಎರಡು ಸೂಟ್‌ಕೇಸ್ ಬಟ್ಟೆ, ಒಂದು ಕುಕ್ಕರ್. ಇದಕ್ಕೆ 1 ಲಕ್ಷ ಯಾಕೆ? ನಾಲ್ಕೂ ಜನಕ್ಕೆ ಒಂದೇ ಪಾಲಿಸಿ ಸಾಕಾ? ಲೀಸಿಂಗ್ ಆಫೀಸಿನವರು "ನಮ್ಮದೇ ಪ್ಲಾನ್ ಇದೆ, ಬಾಡಿಗೆ ಜೊತೆ ಸೇರಿಸುತ್ತೇವೆ" ಅನ್ನುತ್ತಿದ್ದಾರೆ. ಅನುಭವ ಇರುವವರು ದಯವಿಟ್ಟು ಹೇಳಿ.

ಡಾಲಸ್‌ನಿಂದ: ತಮ್ಮಾ, ಲಯಬಿಲಿಟಿ ಅಂದರೆ ನಿನ್ನಿಂದ ಬೇರೆಯವರಿಗೆ ಆಗುವ ನಷ್ಟದ ಹೊಣೆ. ಆ 1 ಲಕ್ಷ ನಿನ್ನ ಕುಕ್ಕರಿಗೆ ಇಟ್ಟಿದ್ದಲ್ಲ. ಕುಕ್ಕರ್ ಇಟ್ಟಿರುವ ಒಲೆಯಿಂದ ಕಟ್ಟಡಕ್ಕೆ ಏನಾದರೂ ಆದರೆ ಅಂತ ಇಟ್ಟಿದ್ದು.

ನಾನು ಓದುವಾಗ ನಮ್ಮ ಮೇಲಿನ ಮಹಡಿಯಲ್ಲಿ ನಮ್ಮ ಕಡೆಯ ಹುಡುಗರೇ ಇದ್ದರು. ಒಗ್ಗರಣೆ ಹಾಕಿದಾಗಲೆಲ್ಲ ಕೂಗುತ್ತದೆ ಅಂತ ಸ್ಮೋಕ್ ಡಿಟೆಕ್ಟರ್‌ಗೆ ಪ್ಲಾಸ್ಟಿಕ್ ಕವರ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದರು. ಒಂದು ಭಾನುವಾರ ಪೂರಿಗೆ ಎಣ್ಣೆ ಇಟ್ಟು ಒಬ್ಬ ಫೋನ್ ಹಿಡಿದು ಬಾಲ್ಕನಿಗೆ ಹೋದ. ಎಣ್ಣೆ ಹತ್ತಿಕೊಂಡಿತು. ಇನ್ನೊಬ್ಬ ಗಾಬರಿಯಲ್ಲಿ ನೀರು ಸುರಿದ. ಉರಿಯುವ ಎಣ್ಣೆಗೆ ನೀರು ಹಾಕಿದರೆ ಬೆಂಕಿ ಇನ್ನೂ ಎದ್ದು ಹರಡುತ್ತದೆ. ತಟ್ಟೆ ಮುಚ್ಚಿ ಒಲೆ ಆರಿಸಬೇಕಿತ್ತು. ಕಬೋರ್ಡ್ ಉರಿಯಿತು, ಸ್ಪ್ರಿಂಕ್ಲರ್ ಬಿಚ್ಚಿಕೊಂಡಿತು, ನೀರು ಕೆಳಗಿನ ಮನೆಗಳಿಗೂ ಇಳಿಯಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ.

ಈಗ ಲೆಕ್ಕ ನೋಡು. ಕಟ್ಟಡಕ್ಕೆ ಮಾಲೀಕರ ಇನ್ಶೂರೆನ್ಸ್ ಇರುತ್ತದೆ. ಅವರ ಕಂಪನಿ ಅವರಿಗೆ ದುಡ್ಡು ಕೊಡುತ್ತದೆ. ಆಮೇಲೆ ತಪ್ಪು ಯಾರದೋ ಅವರ ಹತ್ತಿರ ವಸೂಲಿಗೆ ಬರುತ್ತದೆ. ಆಗ ನಿನ್ನ ಪಾಲಿಸಿಯ ಲಯಬಿಲಿಟಿ ಭಾಗ ನಿಲ್ಲುತ್ತದೆ, ಕೇಸ್ ಆದರೆ ಲಾಯರ್ ಖರ್ಚನ್ನೂ ನೋಡಿಕೊಳ್ಳುತ್ತದೆ. ಅದು ಇಲ್ಲದಿದ್ದರೆ ಸ್ಟೂಡೆಂಟ್ ಲೋನ್ ಮೇಲೆ ಇದೂ ಒಂದು. ಅಮೆರಿಕದಲ್ಲಿ ಮನೆಗಳಿಗೆ ಬೆಂಕಿ ಬೀಳಲು ಮೊದಲ ಕಾರಣವೇ ಅಡುಗೆ. ನಮ್ಮ ಅಡುಗೆಯಲ್ಲಿ ಎಣ್ಣೆ ಕಾಯಿಸುವುದೇ ಜಾಸ್ತಿ, ಅಲ್ವಾ?

ಲೀಸಿಂಗ್ ಆಫೀಸಿನ ಪ್ಲಾನ್ ಬಗ್ಗೆ ಒಂದೇ ಪ್ರಶ್ನೆ ಕೇಳು: "ಇದರಲ್ಲಿ ನನ್ನ ಸಾಮಾನು ಕವರ್ ಆಗುತ್ತದಾ?" ಬಹಳ ಕಡೆ ಆಗುವುದಿಲ್ಲ. ನೀನು ಅವರ ಕಟ್ಟಡಕ್ಕೆ ಮಾಡುವ ಹಾನಿಗೆ ಮಾತ್ರ ಅದು. ತಿಂಗಳಿಗೆ 15-20 ಡಾಲರ್ ಆಸುಪಾಸಿನಲ್ಲಿ ಸ್ವಂತ ಪಾಲಿಸಿಯೇ ಸಿಗುತ್ತದೆ. ತೆಗೆದುಕೊಂಡು ಅಪಾರ್ಟ್‌ಮೆಂಟ್‌ನವರನ್ನು "ಇಂಟರೆಸ್ಟೆಡ್ ಪಾರ್ಟಿ" (ಪಾಲಿಸಿಯ ಮಾಹಿತಿ ಹೋಗಬೇಕಾದವರು) ಅಂತ ಸೇರಿಸು, ಡಿಕ್ಲರೇಶನ್ ಪೇಜ್ (ಪಾಲಿಸಿಯ ಸಾರಾಂಶದ ಹಾಳೆ) ಮೇಲ್ ಮಾಡು. ಅವರಿಗೆ ಬೇಕಾಗಿರುವುದು ಆ ಒಂದು ಹಾಳೆ.

ಸ್ಯಾನ್ ಹೊಸೆಯಿಂದ: ನಾಲ್ಕು ಜನಕ್ಕೆ ಒಂದೇ ಪಾಲಿಸಿ ಬೇಡ ಅಂತ ನನ್ನ ಅಭಿಪ್ರಾಯ. ಪಾಲಿಸಿಯಲ್ಲಿ ಹೆಸರು ಇಲ್ಲದ ರೂಮ್‌ಮೇಟ್‌ಗೆ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ನಾಲ್ಕೂ ಹೆಸರು ಹಾಕಿಸಿದರೂ ಮಿತಿಯನ್ನು ಹಂಚಿಕೊಳ್ಳಬೇಕು, ಒಬ್ಬ ಮಾಡಿದ ಕ್ಲೇಮ್ ಎಲ್ಲರ ದಾಖಲೆಗೂ ಸೇರಬಹುದು. ಕ್ಲೇಮ್‌ಗಳ ಇತಿಹಾಸ 7 ವರ್ಷದವರೆಗೂ ಕಂಪನಿಗಳಿಗೆ ಕಾಣುತ್ತದೆ. ಸೆಮಿಸ್ಟರ್ ಮಧ್ಯೆ ಒಬ್ಬ ಮನೆ ಬಿಟ್ಟರಂತೂ ಇನ್ನೊಂದು ತಲೆನೋವು.

ಕಳ್ಳತನದ ವಿಷಯ ಹೇಳುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಊಟಕ್ಕೆ ಅಂತ ಕಾರು ನಿಲ್ಲಿಸಿದ್ದೆವು. ವಾಪಸ್ ಬಂದರೆ ಹಿಂದಿನ ಗಾಜು ಪುಡಿಪುಡಿ, ಬ್ಯಾಗ್ ಮಾಯ. ಗಾಜು ಕಾರಿನ ಇನ್ಶೂರೆನ್ಸ್‌ಗೆ ಬರುತ್ತದೆ. ಲ್ಯಾಪ್‌ಟಾಪ್ ಮಾತ್ರ ರೆಂಟರ್ಸ್ ಪಾಲಿಸಿಗೆ, ಮನೆಯಿಂದ ಹೊರಗೆ ಹೋಗಿದ್ದರೂ ಸರಿ. ಪೊಲೀಸ್ ರಿಪೋರ್ಟ್ ನಂಬರ್, ಬಿಲ್, ಸೀರಿಯಲ್ ನಂಬರ್ ಕೇಳಿದರು. ಹಳೇ ಮೇಲ್‌ಗಳಲ್ಲಿ ಎಲ್ಲ ಇತ್ತು.

ಪಾಲಿಸಿ ಆರಿಸುವಾಗ ನೋಡಲೇಬೇಕಾದದ್ದು ಅದು "ರಿಪ್ಲೇಸ್‌ಮೆಂಟ್ ಕಾಸ್ಟ್" (ಅಂಥದ್ದೇ ಹೊಸದರ ಬೆಲೆ) ಕೊಡುತ್ತದಾ, "ಆಕ್ಚುಯಲ್ ಕ್ಯಾಶ್ ವ್ಯಾಲ್ಯೂ" (ಸವಕಳಿ ಕಳೆದ ಈಗಿನ ಬೆಲೆ) ಕೊಡುತ್ತದಾ ಅಂತ. 1,200 ಡಾಲರಿಗೆ ಕೊಂಡ ಲ್ಯಾಪ್‌ಟಾಪ್‌ಗೆ ಸವಕಳಿ ಕಳೆದು ಈಗ 500 ಬೆಲೆ ಅಂದುಕೊಳ್ಳಿ. ಡಿಡಕ್ಟಿಬಲ್, ಅಂದರೆ ಕ್ಲೇಮ್‌ನಲ್ಲಿ ನಾವೇ ಭರಿಸಬೇಕಾದ ಮೊದಲ ಮೊತ್ತ, 500. ಎರಡನೇ ಥರದ ಪಾಲಿಸಿಯಲ್ಲಿ ಕೈಗೆ ಬರುವುದು ಸೊನ್ನೆ. ಮೊದಲನೆಯದರಲ್ಲಿ, ಅಂಥದ್ದೇ ಹೊಸದು ಈಗಲೂ 1,200 ಆದರೆ, 700. ಪ್ರೀಮಿಯಂ ವ್ಯತ್ಯಾಸ ತೀರಾ ಏನಿಲ್ಲ. ಬಾಗಿಲಿನ ಮುಂದಿನಿಂದ ಅಮೆಜಾನ್ ಡಬ್ಬ ಹೋದರೆ ಇದರ ತಂಟೆಗೇ ಹೋಗಬೇಡಿ, ಡಿಡಕ್ಟಿಬಲ್ಲೇ ಅದಕ್ಕಿಂತ ದೊಡ್ಡದು.

ನ್ಯೂಜೆರ್ಸಿಯಿಂದ: ಹುಡುಗಿಯರು ಓದುತ್ತಿದ್ದರೆ ಅವರಿಗೊಂದು ಮಾತು. ಮದುವೆ ಮುಂಜಿ ಇದ್ದರೆ ಹಾಕಿಕೋ ಅಂತ ಅಮ್ಮ ಬಳೆ, ಸರ ಕಟ್ಟಿ ಕಳಿಸುತ್ತಾರೆ. ಸಾಮಾನುಗಳ ಒಟ್ಟು ಕವರ್ 20 ಸಾವಿರ ಡಾಲರ್ ಇದ್ದರೂ, ಕಳವಾದ ಒಡವೆಗೆ ಸಾಮಾನ್ಯ ಪಾಲಿಸಿಯಲ್ಲಿ 1,500 ಡಾಲರ್ ಆಸುಪಾಸಿನ ಮಿತಿ ಇರುತ್ತದೆ. ನಗದಿಗೆ ಬರೀ 200 ಇರುವುದೂ ಉಂಟು. ಈಗಿನ ಚಿನ್ನದ ರೇಟಿಗೆ 1,500ಕ್ಕೆ ಒಂದು ಜೊತೆ ಬಳೆಯೂ ಬರುವುದಿಲ್ಲ. ರಸೀದಿ ಕೊಟ್ಟು ಒಡವೆಯನ್ನು ಪ್ರತ್ಯೇಕವಾಗಿ ಸೇರಿಸಬಹುದು. ನನ್ನನ್ನು ಕೇಳಿದರೆ ಊರಿನ ಬ್ಯಾಂಕ್ ಲಾಕರ್‌ನಲ್ಲೇ ಇರಲಿ.

ಹ್ಯೂಸ್ಟನ್‌ನಿಂದ: ಟೆಕ್ಸಸ್‌ಗೆ ಬರುತ್ತಿರುವುದರಿಂದ ಇದನ್ನೂ ತಿಳಿದುಕೊಳ್ಳಿ. 2017ರ ಆಗಸ್ಟ್‌ನಲ್ಲಿ ಹಾರ್ವಿ ಚಂಡಮಾರುತ ಬಂದಾಗ ಯೂನಿವರ್ಸಿಟಿ ಆಫ್ ಹ್ಯೂಸ್ಟನ್‌ನ ಸುಮಾರು 200 ಭಾರತೀಯ ವಿದ್ಯಾರ್ಥಿಗಳು ನೀರಿನ ಮಧ್ಯೆ ಸಿಲುಕಿದ್ದರು. ಆಗ ವಿದೇಶಾಂಗ ಸಚಿವೆಯಾಗಿದ್ದ ಸುಷ್ಮಾ ಸ್ವರಾಜ್ ಅವರೇ ಟ್ವೀಟ್ ಮಾಡಿ ತಿಳಿಸಿದ್ದರು. ಅಂಥ ಪ್ರವಾಹದ ನೀರು ಮನೆಗೆ ನುಗ್ಗಿದರೆ ಮಾಮೂಲಿ ರೆಂಟರ್ಸ್ ಪಾಲಿಸಿ ಒಂದು ಪೈಸೆ ಕೊಡುವುದಿಲ್ಲ. ಸರ್ಕಾರದ ಫ್ಲಡ್ ಇನ್ಶೂರೆನ್ಸ್ ಬೇರೆ ತಗೋಬೇಕು. ಬಾಡಿಗೆದಾರರ ಸಾಮಾನಿಗೆ ಅದರಲ್ಲಿ 1 ಲಕ್ಷ ಡಾಲರ್‌ವರೆಗೂ ಸಿಗುತ್ತದೆ, ಆದರೆ ಸಾಮಾನ್ಯವಾಗಿ 30 ದಿನ ಕಾದ ಮೇಲೆಯೇ ಜಾರಿ. ಟಿವಿಯಲ್ಲಿ ಚಂಡಮಾರುತ ಕಂಡ ಮೇಲೆ ಕೊಂಡರೆ ಏನು ಬಂತು? ಅದೇ 2021ರ ಫೆಬ್ರವರಿ ಚಳಿಯಲ್ಲಿ ಟೆಕ್ಸಸ್ ತುಂಬಾ ಪೈಪ್ ಒಡೆದವು. ಆ ನೀರು ಕವರ್ ಆಗುವಂಥದ್ದು, ಮನೆ ವಾಸಕ್ಕೆ ಯೋಗ್ಯವಾಗುವವರೆಗೆ ಹೋಟೆಲ್ ಖರ್ಚೂ ಬರುತ್ತದೆ. ನೀರು ಎರಡೂ ನೀರೇ, ಪಾಲಿಸಿಗೆ ಮಾತ್ರ ಬೇರೆ ಬೇರೆ. ಭೂಕಂಪವೂ ಹೊರಗೇ. ಬೆಡ್ ಬಗ್ (ತಿಗಣೆ) ಕಾಟಕ್ಕೂ ಸಾಮಾನ್ಯವಾಗಿ ಏನೂ ಇಲ್ಲ.

ಕೇಳಿದವರು: ತುಂಬಾ ಥ್ಯಾಂಕ್ಸ್. ಜೊತೆಯಲ್ಲಿರುವ ಒಬ್ಬನಿಗೆ ಅಮೆರಿಕದಲ್ಲೇ ಹುಟ್ಟಿ ಬೆಳೆದ ಕಸಿನ್ ಇದ್ದಾನೆ. ಡಾರ್ಮ್‌ನಲ್ಲಿರುವ (ಕಾಲೇಜು ಹಾಸ್ಟೆಲ್) ಅವನು "ನನಗೆ ಇದೆಲ್ಲ ಬೇಡ, ಅಪ್ಪನ ಪಾಲಿಸಿಯಲ್ಲೇ ಇದ್ದೇನೆ" ಅಂದನಂತೆ. ಬೆಂಗಳೂರಿನ ನಮ್ಮ ಮನೆಯ ಇನ್ಶೂರೆನ್ಸ್ ನನಗೂ ಹಾಗೆ ಬರುತ್ತದಾ?

ಡಾಲಸ್‌ನಿಂದ: ಅವನಿಗೆ ನಿಜ. ಅಮೆರಿಕದಲ್ಲೇ ಹೆತ್ತವರ ಮನೆ ಪಾಲಿಸಿ ಇದ್ದರೆ, 24ರೊಳಗಿನ ಫುಲ್ ಟೈಮ್ ವಿದ್ಯಾರ್ಥಿಯ ಡಾರ್ಮ್ ಸಾಮಾನಿಗೂ ಅದು ಒಂದಿಷ್ಟು ಬರುತ್ತದೆ. ಹೆಚ್ಚಾಗಿ ಮನೆಯ ಸಾಮಾನಿನ ಕವರ್‌ನ ಶೇ. 10ರಷ್ಟು. ನಿನ್ನ ಅಪ್ಪನ ಪಾಲಿಸಿ ರಿಚರ್ಡ್‌ಸನ್‌ವರೆಗೆ ಬರಲ್ಲ. ಯೂನಿವರ್ಸಿಟಿಯ ಹೆಲ್ತ್ ಇನ್ಶೂರೆನ್ಸ್ ಕೂಡ ಇದಲ್ಲ, ಅದು ಮೈಗೆ ಮಾತ್ರ.

ಬೆಂಗಳೂರಿನಿಂದ: ಇಲ್ಲಿ ಬಾಡಿಗೆಗೆ ಇರುವವರೂ ಓದುತ್ತಿರಬಹುದು ಅಂತ ಸೇರಿಸುತ್ತಿದ್ದೇನೆ. 2021ರ ಏಪ್ರಿಲ್ 1ರಿಂದ ಎಲ್ಲ ಜನರಲ್ ಇನ್ಶೂರೆನ್ಸ್ ಕಂಪನಿಗಳೂ "ಭಾರತ್ ಗೃಹ ರಕ್ಷಾ" ಪಾಲಿಸಿ ಕೊಡಬೇಕು. ಬಾಡಿಗೆದಾರರು ಸಾಮಾನಿಗೆ ಮಾತ್ರ ತಗೋಬಹುದು. ಮಜಾ ಏನೆಂದರೆ ಅಮೆರಿಕಕ್ಕೆ ತದ್ವಿರುದ್ಧ: ಪ್ರವಾಹ, ಭೂಕಂಪ ಒಳಗೇ ಇವೆ, ಕಳ್ಳತನ ಮಾತ್ರ ಅರೆಬರೆ. ಬೆಂಕಿಯೋ ಪ್ರವಾಹವೋ ಆಗಿ, ಅದರಿಂದಾಗಿ 7 ದಿನದೊಳಗೆ ಕಳುವಾದರಷ್ಟೇ ಲೆಕ್ಕ. ಸುಮ್ನೆ ಬೀಗ ಒಡೆದು ಲ್ಯಾಪ್‌ಟಾಪ್ ಒಯ್ದರೆ ಇಲ್ಲ. ಪಿಜಿ, ಶೇರ್ಡ್ ಮನೆಯವರು ಬರ್ಗ್ಲರಿ (ಕನ್ನಗಳವು) ಕವರ್ ಬೇರೆ ಕೇಳಿ ಹಾಕಿಸಿ.

ಕೇಳಿದವರು: ನಾಲ್ಕೂ ಜನ ಬೇರೆ ಬೇರೆ ಮಾಡಿಸುತ್ತೇವೆ. ಕೊನೇ ಡೌಟು: ಎಸ್‌ಎಸ್‌ಎನ್ (ಅಮೆರಿಕದ ಸೋಶಿಯಲ್ ಸೆಕ್ಯೂರಿಟಿ ನಂಬರ್) ಇಲ್ಲದೆ ಪಾಲಿಸಿ ಕೊಡುತ್ತಾರಾ?

ಸ್ಯಾನ್ ಹೊಸೆಯಿಂದ: ಬಹಳ ಕಂಪನಿಗಳು ಕೊಡುತ್ತವೆ. ಆನ್‌ಲೈನ್ ಫಾರ್ಮ್ ಎಸ್‌ಎಸ್‌ಎನ್ ಕೇಳಿ ನಿಂತುಬಿಟ್ಟರೆ ಏಜೆಂಟ್‌ಗೆ ಫೋನ್ ಮಾಡಿ. ಪಾಲಿಸಿ ಶುರುವಾಗುವ ತಾರೀಕು ಲೀಸ್ ಶುರುವಾಗುವ ದಿನವೇ ಇರಲಿ, ಹಲವು ಕಡೆ ಆ ಹಾಳೆ ನೋಡದೆ ಕೀ ಕೊಡುವುದಿಲ್ಲ. ಇಂಡಿಯಾದ ಕಾರ್ಡ್ ಕೆಲವೊಮ್ಮೆ ತಗೊಳ್ಳುವುದಿಲ್ಲ, ಅಲ್ಲಿರುವ ಸೀನಿಯರ್ ಒಬ್ಬರನ್ನು ಮೊದಲೇ ಕೇಳಿಟ್ಟುಕೊಳ್ಳಿ.