19 ವರ್ಷ ಶೆಡ್ಡಿನಲ್ಲಿ ನಿಂತ ಅಲ್ಟ್ರಾಲೈಟ್: ತಗೊಳ್ಳಲಾ ಬೇಡವಾ?

ಪ್ರಶ್ನೆ: ಮೇಡಂ, ನಮಸ್ಕಾರ. ನನಗೀಗ 58. ಹಾರಬೇಕು ಅನ್ನೋ ಆಸೆ ಚಡ್ಡಿ ಹಾಕ್ತಿದ್ದ ಕಾಲದ್ದು. ಮನೆ, ಮಕ್ಕಳು, ಸಾಲ ಅಂತ ಹಾಗೇ ಉಳಿದುಹೋಯಿತು. ಈಗ ಪರಿಚಯದವರ ಶೆಡ್ಡಿನಲ್ಲಿ ಒಂದೇ ಸೀಟಿನ ಹಳೇ ಅಲ್ಟ್ರಾಲೈಟ್, ಅಂದರೆ ತೀರಾ ಹಗುರದ ಪುಟ್ಟ ವಿಮಾನ, ಇದೆ. ಕ್ವಿಕ್‌ಸಿಲ್ವರ್ ಅನ್ನೋ ಮಾದರಿಯ ತರದ್ದು. ಅಲ್ಯೂಮಿನಿಯಂ ಪೈಪು, ಡೇಕ್ರಾನ್ ಅನ್ನೋ ಪಾಲಿಯೆಸ್ಟರ್ ಬಟ್ಟೆ, ರೋಟ್ಯಾಕ್ಸ್ 503 ಎಂಜಿನ್. 19 ವರ್ಷದಿಂದ ಹಾರಿಲ್ಲ. "ಎಂಜಿನ್ ಓಡಿದ್ದೇ 60 ಗಂಟೆ, ಹೊಸದು ಅಂತಲೇ ತಿಳ್ಕೊಳ್ಳಿ" ಅನ್ನುತ್ತಾರೆ ಮಾಲೀಕರು. ಬಟ್ಟೆಯೂ ನೋಡೋಕೆ ಚೆನ್ನಾಗಿದೆ. ಬೈಕ್ ಎಂಜಿನ್ ಬಿಚ್ಚಿ ಜೋಡಿಸಿ ಅಭ್ಯಾಸ ಇದೆ, ವಿಮಾನ ಮುಟ್ಟಿಲ್ಲ. ತಗೊಳ್ಳಲಾ? ಮೊದಲು ಏನು ನೋಡಲಿ?

ಉತ್ತರ: ನಮಸ್ಕಾರ ಸರ್. ತಗೊಳ್ಳಬಹುದು. ಆದರೆ ಎಂಜಿನ್ ಕೆಟ್ಟಿದೆ, ಬಟ್ಟೆ ಹೋಗಿದೆ ಅಂತ ಲೆಕ್ಕ ಹಾಕಿಕೊಂಡು ತಗೊಳ್ಳಿ. ಇವೆರಡನ್ನೂ ಹೊಸದಾಗಿ ಹಾಕಿಸುವ ಖರ್ಚು ಸೇರಿಸಿದ ಮೇಲೂ ಬೆಲೆ ಸರಿ ಅನ್ನಿಸಿದರೆ ಮಾತ್ರ ಮುಂದೆ ಹೋಗಿ.

60 ಗಂಟೆ ಅನ್ನೋ ಮಾತಿಗೆ ಮರುಳಾಗಬೇಡಿ. ಈ ಎಂಜಿನ್ನನ್ನು 300 ಗಂಟೆ ಓಡಿದ ಮೇಲೆ ಅಥವಾ 5 ವರ್ಷ ಆದ ಮೇಲೆ, ಯಾವುದು ಮೊದಲು ಬರುತ್ತೋ ಆಗ, ಬಿಚ್ಚಿ ಓವರ್‌ಹಾಲ್ ಮಾಡಬೇಕು. ನಿಮ್ಮ ಲೆಕ್ಕದಲ್ಲಿ ಐದು ವರ್ಷ ಮುಗಿದು ಎಷ್ಟೋ ಕಾಲವಾಯಿತು. ಕಾರಣ ಸುಲಭ. ಟೂ ಸ್ಟ್ರೋಕ್ ಅಲ್ವಾ, ಆಯಿಲ್ ಬರೋದೇ ಪೆಟ್ರೋಲ್ ಜೊತೆ, 50ಕ್ಕೆ 1ರ ಲೆಕ್ಕದಲ್ಲಿ. ಎಂಜಿನ್ ನಿಂತರೆ ಒಳಗೆ ಹೊಸ ಆಯಿಲ್ ಬೀಳಲ್ಲ. ಕ್ರ್ಯಾಂಕ್ ಬೇರಿಂಗಿಗೆ ಮೆಲ್ಲಗೆ ತುಕ್ಕು ಹತ್ತುತ್ತದೆ, ಸೀಲುಗಳು ಒಣಗಿ ಗಟ್ಟಿಯಾಗುತ್ತವೆ. ಗಟ್ಟಿ ಸೀಲಿನಿಂದ ಗಾಳಿ ಒಳಗೆ ಹೋದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ, ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಬೈಕ್ ಆದರೆ ಪಕ್ಕಕ್ಕೆ ನಿಲ್ಲಿಸುತ್ತೀರಿ. ಇಲ್ಲಿ ಪಕ್ಕ ಅನ್ನೋದೇ ಇಲ್ಲ.

ಆದ್ದರಿಂದ ಶೆಡ್ಡಿಗೆ ಹೋದ ಕೂಡಲೇ ಸ್ಟಾರ್ಟರ್ ಹಗ್ಗ ಎಳೆಯಬೇಡಿ. "ನೋಡಿ, ಆರಾಮಾಗಿ ತಿರುಗುತ್ತೆ" ಅಂತ ಮಾಲೀಕರು ಎಳೆಯೋಕೆ ಹೊರಟರೂ ತಡೆಯಿರಿ. ತುಕ್ಕಿನ ಪುಡಿ ಸಿಲಿಂಡರಿಗೆ ಗೀರು ಹಾಕುತ್ತದೆ. ಎಕ್ಸಾಸ್ಟ್ ಬಿಚ್ಚಿ ಟಾರ್ಚ್ ಬಿಟ್ಟರೆ ಪಿಸ್ಟನ್ನಿನ ಪಕ್ಕ, ರಿಂಗು ಕಾಣುತ್ತವೆ. ಅಷ್ಟು ನೋಡಿದರೆ ಸಾಕು.

ನಿಜ ಹೇಳಬೇಕೆಂದರೆ ನಾನು ಎಂಜಿನ್ ನೋಡೋದೇ ಕೊನೆಗೆ. ಎಂಜಿನ್ ಬದಲಿಸಬಹುದು. ನನ್ನ ಕಣ್ಣು ಮೊದಲು ಹೋಗೋದು ಪೈಪಿನ ಮೇಲೆ. ಬೋಲ್ಟ್ ಹಾಕಿದ ತೂತು ಗುಂಡಗಿದೆಯಾ, ಮೊಟ್ಟೆಯ ಹಾಗೆ ಹಿಗ್ಗಿದೆಯಾ ನೋಡಿ. ಪೈಪಿನ ಬಾಯಿಗೆ ಟಾರ್ಚ್ ಇಟ್ಟು ಒಳಗೆ ಬಿಳೀ ಪುಡಿ ಇದೆಯಾ ನೋಡಿ, ಅದು ಅಲ್ಯೂಮಿನಿಯಮ್ಮಿನ ತುಕ್ಕು. ರೆಕ್ಕೆಯೊಳಗೆ ಇಲಿ ಗೂಡು ಕಟ್ಟಿದ್ದರೆ ಅಲ್ಲಿ ಎರಡು ಸಲ ನೋಡಿ, ಇಲಿ ಉಚ್ಚೆ ಅಲ್ಯೂಮಿನಿಯಂ ತಿನ್ನುತ್ತದೆ. ಬಗ್ಗಿದ ಪೈಪನ್ನು ನೆಟ್ಟಗೆ ಮಾಡಿದ ಗುರುತು ಕಂಡರೆ ಆ ಪೈಪು ಬದಲಾಗಲೇಬೇಕು. ನೆಟ್ಟಗೆ ಕಾಣುತ್ತೆ, ಆದರೆ ಮೊದಲಿನ ಬಲ ಇರಲ್ಲ.

ರೆಕ್ಕೆಯನ್ನು ಬಿಗಿದು ಹಿಡಿಯುವ ಕೇಬಲ್ ಮೇಲೆ ಹತ್ತಿಬಟ್ಟೆ ಎಳೆಯುತ್ತಾ ಹೋಗಿ. ಎಳೆ ಸಿಕ್ಕಿಕೊಂಡ ಕಡೆ ತಂತಿ ಕಡಿದಿದೆ ಅಂತ ಅರ್ಥ. ತುದಿಯಲ್ಲಿ ಒತ್ತಿ ಕೂರಿಸಿದ ಲೋಹದ ಕೊಳವೆಯ ಬುಡದಲ್ಲೇ ತುಕ್ಕು ಕೂರೋದು ಜಾಸ್ತಿ.

ಬಟ್ಟೆ ನೋಡೋಕೆ ಚೆನ್ನಾಗಿದೆ ಅಂದಿರಿ. ಬಿಸಿಲು ಪಾಲಿಯೆಸ್ಟರಿನ ಬಲ ತೆಗೆದರೂ ಬಣ್ಣ ಹಾಗೇ ಉಳಿದಿರಬಹುದು. ಬಟ್ಟೆಗಿಂತ ಮೊದಲು ಹೊಲಿಗೆ ದಾರ ಸಾಯುತ್ತದೆ. ಶೆಡ್ಡಿನ ಮೇಲೆ ಬೆಳಕು ಬರೋ ಪ್ಲಾಸ್ಟಿಕ್ ಶೀಟ್ ಇತ್ತಾ ಅಂತ ಕೇಳಿ. ಬಟ್ಟೆಗೆ ಸೂಜಿ ಚುಚ್ಚಿ ಸ್ಪ್ರಿಂಗ್ ತಕ್ಕಡಿಯಲ್ಲಿ ಎಳೆದು ನೋಡುವ ಬೆಟ್ಸೋಮೀಟರ್ ಅನ್ನೋ ಸಾಧನ ಇದೆ. ಅದರಿಂದ ರೆಕ್ಕೆಯ ಮೇಲ್ಭಾಗ ಪರೀಕ್ಷೆ ಮಾಡಿಸಿ.

ಮಾಲೀಕರ ಹತ್ತಿರ ಲಾಗ್‌ಬುಕ್ ಇದೆಯಾ? ತಯಾರಕರ ಕೈಪಿಡಿ? ಸೀರಿಯಲ್ ನಂಬರಿಗೂ ಕಾಗದಕ್ಕೂ ತಾಳೆ ಆಗದಿದ್ದರೆ ಮುಂಗಡ ಕೊಡಬೇಡಿ.

ಇನ್ನೊಬ್ಬ ಸದಸ್ಯರು: ಅಲ್ಟ್ರಾಲೈಟಿಗೆ ಲೈಸೆನ್ಸೇ ಬೇಡ ಅಂತಾರಲ್ಲ ಮೇಡಂ?

ಉತ್ತರ: ಅದು ಅಮೆರಿಕದ ಮಾತು. ಅಲ್ಲಿ 1982ರಲ್ಲಿ ಬಂದ ನಿಯಮದ ಪ್ರಕಾರ ಒಂದೇ ಸೀಟು, ಖಾಲಿ ತೂಕ 254 ಪೌಂಡಿಗಿಂತ ಕಡಿಮೆ, ಅಂದರೆ ಸುಮಾರು 115 ಕೆಜಿ ಒಳಗೆ, 5 ಗ್ಯಾಲನ್ ಪೆಟ್ರೋಲ್ ದಾಟದಿದ್ದರೆ ಲೈಸೆನ್ಸ್ ಕೇಳಲ್ಲ. ವೇಗಕ್ಕೂ ಮಿತಿ ಇದೆ. ಪ್ರತಿ ದೇಶಕ್ಕೂ ಅದರದ್ದೇ ನಿಯಮ. ವಿಮಾನ ಕೊಳ್ಳುವ ಮೊದಲೇ ನಿಮ್ಮ ವಿಮಾನಯಾನ ಇಲಾಖೆಯನ್ನು ಕೇಳಿ.

ಪ್ರಶ್ನೆ ಕೇಳಿದವರು: ಮೇಡಂ, ಹೋಗಿ ಬಂದೆ. ಪೈಪುಗಳು ಚೆನ್ನಾಗಿವೆ, ಎರಡು ಬೋಲ್ಟ್ ತೂತು ಮಾತ್ರ ಹಿಗ್ಗಿವೆ. ಹೊಲಿಗೆಯನ್ನು ಉಗುರಲ್ಲಿ ಕೆರೆದರೆ ದಾರ ಪುಡಿಪುಡಿ. ಒಂದು ಸಿಲಿಂಡರಿನಲ್ಲಿ ಕಂದು ಪಟ್ಟಿ ಕಂಡಿತು. ಕಾರ್ಬುರೇಟರಿನ ರಬ್ಬರ್ ಬಿರುಕು ಬಿಟ್ಟಿದೆ. ಸೀಟಿನ ಹಿಂದೆ ಕೆಂಪು ಹಿಡಿ ಇರೋ ಡಬ್ಬಿ ಒಂದಿದೆ, ಅದೇನು?

ಉತ್ತರ: ಅದನ್ನು ಮುಟ್ಟಬೇಡಿ! ಅದು ಇಡೀ ವಿಮಾನವನ್ನೇ ಇಳಿಸುವ ಪ್ಯಾರಾಶೂಟ್ ಇರಬೇಕು. ಹಲವು ಡಬ್ಬಿಗಳಲ್ಲಿ ಪ್ಯಾರಾಶೂಟ್ ಎಳೆದೊಯ್ಯಲು ರಾಕೆಟ್ ಇರುತ್ತದೆ. ಅವಧಿ ಮುಗಿದಿದ್ದರೂ ಸಿಡಿಯಬಹುದು. ಅದರ ಬಾಯಿಯ ಎದುರು ಯಾರೂ ನಿಲ್ಲಬೇಡಿ. ತಿಳಿದವರು ಬಂದು ತೆಗೆಯೋವರೆಗೆ ಬೇರೆ ಯಾವ ಕೆಲಸವೂ ಬೇಡ.

ಉಳಿದದ್ದು ನಾನು ಅಂದುಕೊಂಡಷ್ಟೇ. ಪೈಪು ಚೆನ್ನಾಗಿದೆ ಅಂದಿರಲ್ಲ, ಅದೇ ದೊಡ್ಡ ಲಾಭ. ಈಗ ಬೆಲೆ ಮಾತಾಡಿ, ಹೊಸ ಬಟ್ಟೆ, ಎಂಜಿನ್ ಓವರ್‌ಹಾಲ್ ಎರಡನ್ನೂ ಕಳೆದು. ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಾಮ್, ಕಾರ್ಬುರೇಟರ್ ರಬ್ಬರ್ ಯಾವುದನ್ನೂ ಉಳಿಸಿಕೊಳ್ಳಬೇಡಿ. ಬಿಚ್ಚುವಾಗ ಪ್ರತಿ ಜೋಡಣೆಯ ಫೋಟೋ ತೆಗೆಯಿರಿ, ಬೋಲ್ಟ್‌ಗಳನ್ನು ಬೇರೆ ಬೇರೆ ಪೊಟ್ಟಣ ಕಟ್ಟಿಡಿ. ಅಂದಕ್ಕೆ ಅಂತ ದಪ್ಪ ಬಣ್ಣ ಬಳಿದು ತೂಕ ಏರಿಸಬೇಡಿ.

ಪ್ರಶ್ನೆ ಕೇಳಿದವರು: ಎಲ್ಲಾ ಆದ ಮೇಲೆ ಬಯಲಲ್ಲಿ ಸುಮ್ನೆ ಓಡಿಸಿ ನೋಡಬಹುದಲ್ವಾ? ಹಾರಲ್ಲ, ನೆಲದ ಮೇಲೆ ಅಷ್ಟೇ.

ಉತ್ತರ: ಅದೊಂದು ಬೇಡ ಸರ್. ಇಷ್ಟು ಹಗುರದ ವಿಮಾನ ಒಂದು ಗಾಳಿ ಬೀಸಿದರೆ ನಿಮ್ಮನ್ನು ಕೇಳದೇ ಮೇಲೇಳುತ್ತದೆ. ಹೆದರಿ ಥ್ರಾಟಲ್ ಬಿಟ್ಟರೆ ವೇಗ ತಟ್ಟನೆ ಬೀಳುತ್ತದೆ, ಯಾಕೆಂದರೆ ಇದಕ್ಕೆ ತೂಕ ಕಡಿಮೆ, ಗಾಳಿಯ ತಡೆ ಜಾಸ್ತಿ. ಆಗ ಮೂತಿಯನ್ನು ಕೂಡಲೇ ಕೆಳಗೆ ಬಗ್ಗಿಸಬೇಕು. ಅಭ್ಯಾಸ ಇಲ್ಲದ ಕೈ ವಿಮಾನ ನಡೆಸುವ ಹಿಡಿಯನ್ನು ಹಿಂದಕ್ಕೇ ಎಳೆಯುತ್ತದೆ, ಮೂತಿ ಇನ್ನೂ ಮೇಲೇಳುತ್ತದೆ.

ನೀವು ರಿಪೇರಿ ಮಾಡುವ ತಿಂಗಳುಗಳಲ್ಲೇ ಎರಡು ಸೀಟಿನ ಅಲ್ಟ್ರಾಲೈಟಿನಲ್ಲಿ ಕಲಿಯಲು ಸೇರಿಕೊಳ್ಳಿ. ಎಂಜಿನ್ ನಿಂತಾಗ ಇಳಿಸೋದನ್ನು ಮತ್ತೆ ಮತ್ತೆ ಮಾಡಿಸಿ ಅಂತ ಗುರುಗಳನ್ನು ನೀವೇ ಕೇಳಿ. ನಿಮ್ಮ ವಿಮಾನದ ಮೊದಲ ಹಾರಾಟ ಆ ಮಾದರಿ ಹಾರಿಸಿ ಗೊತ್ತಿದ್ದವರು ಮಾಡಲಿ, ಎರಡನೆಯದು ನಿಮ್ಮದು. ಆ ಪ್ಯಾರಾಶೂಟ್ ಡಬ್ಬಿಯ ಮೇಲಿರುವ ಚೀಟಿಯ ಫೋಟೋ ಇದ್ದರೆ ಹಾಕಿ, ದೂರದಿಂದ ತೆಗೆದದ್ದು.