ಭಾಮಿನಿ ಷಟ್ಪದಿ: ಮೂರನೇ ಸಾಲಿನಲ್ಲಿ ಒಂದು ಮಾತ್ರೆ ಕಡಿಮೆ?

ಪ್ರಶ್ನೆ: ಭಾಮಿನಿ ಷಟ್ಪದಿ ಎಂಬ ಆರು ಸಾಲಿನ ಛಂದಸ್ಸಿನಲ್ಲಿರುವ ಕುಮಾರವ್ಯಾಸನ ಗದುಗಿನ ಭಾರತದ ಮೊದಲ ಪದ್ಯಕ್ಕೆ ಪ್ರಸ್ತಾರ ಹಾಕುತ್ತಿದ್ದೇನೆ (ಅಂದರೆ ಅಕ್ಷರಗಳಿಗೆ ಲಘು, ಗುರು ಗುರುತು ಹಾಕಿ ಮಾತ್ರೆ, ಎಂದರೆ ಉಚ್ಚಾರಣೆಯ ಕಾಲ, ಎಣಿಸುತ್ತಿದ್ದೇನೆ; ಲಘುವಿಗೆ 1, ಗುರುವಿಗೆ 2). ‘ಪಾವನನೆ ಸನಕಾದಿ ಸಜ್ಜನನಿಕರ ದಾತಾರ’ ಸಾಲಿಗೆ 23 ಮಾತ್ರೆ ಬರಬೇಕು, 22 ಬರುತ್ತಿದೆ. ಮೊದಲ ಸಾಲು ‘ಶ್ರೀವನಿತೆಯರಸನೆ ವಿಮಲ ರಾ’ ಎಂದು ಅರ್ಧಕ್ಕೇ ನಿಂತು, ಎರಡನೆಯದು ‘ಜೀವಪೀಠನ ಪಿತನೆ’ ಎಂದು ಶುರುವಾಗುವುದೇಕೆ?

ಉತ್ತರ 1: ಲೆಕ್ಕ ಸರಿಯಾಗಿಯೇ ಇದೆ, ಕೊನೆಯ ‘ರ’ ಒಂದನ್ನು ಬಿಟ್ಟು. ಪಾವ|ನನೆಸನ|ಕಾದಿ|ಸಜ್ಜನ|ನಿಕರ|ದಾತಾ|ರ. ಅಂದರೆ 3+4 ಮೂರು ಸಲ, ಮೇಲೊಂದು ಗುರು. 3 ಮತ್ತು 6ನೇ ಸಾಲಿನ ಕೊನೆಯ ಅಕ್ಷರ ಲಘುವಾದರೂ ಗುರುವೆಂದೇ ಎಣಿಸಬೇಕು. ‘ಸಜ್ಜನ’ದಲ್ಲೂ ಹಲವರು ಎಡವುತ್ತಾರೆ, ಒತ್ತಕ್ಷರದ ಹಿಂದಿನ ‘ಸ’ ಗುರು.

ಉತ್ತರ 2: ಮೊದಲ ಸಾಲಿನ ಮಾತ್ರೆ ಅಲ್ಲಿಗೆ ತುಂಬುತ್ತದೆ. ‘ರಾ’ ಒಡೆದಿದ್ದು ಆದಿಪ್ರಾಸಕ್ಕೂ (ಸಾಲುಗಳ ಎರಡನೇ ಅಕ್ಷರ ಹೊಂದುವುದಕ್ಕೂ) ಒದಗಿದೆ: ಶ್ರೀವ, ಜೀವ, ಪಾವ, ಎಲ್ಲದರಲ್ಲೂ ಎರಡನೇ ಅಕ್ಷರ ‘ವ’. ಓದುವಾಗ ದಯವಿಟ್ಟು ಅಲ್ಲಿ ನಿಲ್ಲಿಸಬೇಡಿ, ‘ರಾಜೀವಪೀಠನ’ ಎಂದು ಕೂಡಿಸಿ. ಅರಸನೆ, ಪಿತನೆ, ಪಾವನನೆ ಎಂಬ ಸಂಬೋಧನೆಗಳು ಒಂದರ ಮೇಲೊಂದು ಬಂದಾಗಲೇ ಭಕ್ತಿಭಾವ ಏರುವುದು.