ಪದ ಬೇಕು: ಲಿಂಗ ವರ್ಣತಂತು (ಕ್ರೋಮೊಸೋಮ್) ಬಿಟ್ಟು ಉಳಿದ 22 ಜೋಡಿಗೆ ಏನೆನ್ನುವುದು?

ಉಡುಪಿಯಿಂದ:
ನಮಸ್ಕಾರ. ಭಾನುವಾರ ಇಲ್ಲಿ ಬೀಟಾ ಥಲಸ್ಸೇಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆಯ ತಪಾಸಣೆ ಶಿಬಿರ ಇದೆ. ಬ್ಯಾನರ್ ಇವತ್ತು ರಾತ್ರಿಯೊಳಗೆ ಪ್ರೆಸ್ಸಿಗೆ ಹೋಗಬೇಕು. ‘ಆಟೋಸೋಮಲ್ ರಿಸೆಸಿವ್’ ಎನ್ನುವುದಕ್ಕೆ ಕನ್ನಡ ಬೇಕು. ನನಗೆ ಸಿಕ್ಕಿದ್ದು ‘ಅಲಿಂಗ ವರ್ಣತಂತು’. ದೊಡ್ಡಕ್ಷರದಲ್ಲಿ ನೋಡಿದರೆ ಯಾಕೋ ಒಪ್ಪುವುದಿಲ್ಲ. ಹೇಳಬೇಕಾದ್ದು ಇಷ್ಟೆ: ಈ ಜೀನ್ ಇರುವುದು 11ನೇ ವರ್ಣತಂತುವಿನಲ್ಲಿ. ಗಂಡು ಹೆಣ್ಣು ತೀರ್ಮಾನಿಸುವ ಎಕ್ಸ್-ವೈ ಜೋಡಿಗೂ ಅದಕ್ಕೂ ಸಂಬಂಧ ಇಲ್ಲ, ಹಾಗಾಗಿ ಮಗ, ಮಗಳು ಇಬ್ಬರಿಗೂ ಒಂದೇ ಲೆಕ್ಕ. ತಂದೆ ತಾಯಿ ಇಬ್ಬರೂ ವಾಹಕರಾದರೆ (ಬದಲಾದ ಜೀನ್ ಒಂದು ಇದ್ದೂ ಕಾಯಿಲೆ ಇಲ್ಲದವರಾದರೆ) ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಬಳಿ, ಅಂದರೆ ಕುಲ, ತಾಯಿಯಿಂದ ಬರುವ ಊರು ನಮ್ಮದು. ರೋಗವೂ ತಾಯಿ ಕಡೆಯದ್ದೇ ಎಂದು ಸೊಸೆಯನ್ನು ದೂರುವವರಿದ್ದಾರೆ, ಅದಕ್ಕೇ ಬಿಡಿಸಿ ಹೇಳಬೇಕು.

ಕದ್ರಿಯಿಂದ:
‘ಅಲಿಂಗ’ ತಪ್ಪು. ‘ಅ’ ಸೇರಿದರೆ ಲಿಂಗವೇ ಇಲ್ಲ ಎಂದಾಗುತ್ತದೆ. ‘ಲಿಂಗೇತರ’ ಎನ್ನಿ. ಮುಗಿಯಿತು.

ಮೂಲ್ಕಿಯಿಂದ:
ಮುಗಿಯಲಿಲ್ಲ. ‘ವರ್ಣತಂತು’ವೇ ಸರಿಯಿಲ್ಲ, ಹಿಂದೆಯೂ ಹೇಳಿದ್ದೆ. 1888ರಲ್ಲಿ ಜರ್ಮನ್ ವಿಜ್ಞಾನಿ ವಾಲ್ಡೆಯರ್ ಕ್ರೋಮೊಸೋಮ್ ಎಂಬ ಹೆಸರು ಕಟ್ಟಿದ್ದು ಗ್ರೀಕಿನ ಬಣ್ಣ, ಮೈ ಎಂಬ ಎರಡು ಪದಗಳಿಂದ. ಬಣ್ಣ ಹಾಕಿದರೆ ಎದ್ದು ಕಾಣುತ್ತಿತ್ತು, ಅದಕ್ಕೆ. ಅದರಲ್ಲಿ ದಾರ ಎಲ್ಲಿಂದ ಬಂತು? ‘ಬಣ್ಣಮೈ’ ಎನ್ನಬಹುದಿತ್ತು. ‘ಲಿಂಗೇತರ’ವೂ ಸಂಸ್ಕೃತ ಸಂಧಿಯೇ ಅಲ್ವಾ? 1894ರಲ್ಲಿ ಕಿಟೆಲ್ ಕೋಶ ಅಚ್ಚಾದ ಊರು ಮಂಗಳೂರು. ಇಲ್ಲಿ ಕೂತು ಒಂದು ಕನ್ನಡ ಪದ ಕಟ್ಟಲಾಗದೆ?

ಕದ್ರಿಯಿಂದ:
‘ಬಣ್ಣಮೈ’ ಎಂದರೆ ಜನ ಬಣ್ಣದ ವೇಷ ನೋಡಲು ಬಂದಾರು. ಬೀಗಕ್ಕೆ ಪೋರ್ಚುಗೀಸರ ‘ಚಾವಿ’ ಹಾಕುವಾಗ ಯಾರಿಗೂ ನೋವಾಗಲಿಲ್ಲ. ಕ್ರೋಮೊಸೋಮಿಗೆ ಮಾತ್ರ ಮಡಿ!

ಮಣಿಪಾಲದಿಂದ:
‘ಲಿಂಗೇತರ’ಕ್ಕೆ ನನ್ನ ತಕರಾರಿಲ್ಲ. ಜಾಸ್ತಿ ತೊಂದರೆ ಕೊಡುವುದು ‘ರಿಸೆಸಿವ್’. ಅದಕ್ಕೆ ‘ದುರ್ಬಲ’ ಎಂದು ಬರೆದರೆ ಓದಿದವರು ಕಾಯಿಲೆಯೇ ಸಣ್ಣದು ಎಂದುಕೊಳ್ಳುತ್ತಾರೆ. ಥಲಸ್ಸೇಮಿಯಾ ಮೇಜರ್, ಅಂದರೆ ಅದರ ತೀವ್ರ ರೂಪ, ಇರುವ ಮಕ್ಕಳಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಬೇಕು. ಅದು ಸಣ್ಣದಾ? ದುರ್ಬಲ, ಪ್ರಬಲ ಎನ್ನುವುದು ಕಾಯಿಲೆಯ ಜೋರಿನ ಮಾತೇ ಅಲ್ಲ. ಬದಲಾದ ಜೀನ್ ಒಂದೇ ಕಡೆಯಿಂದ ಬಂದರೆ ಅಡಗಿರುತ್ತದೆ, ಎರಡೂ ಕಡೆಯಿಂದ ಬಂದರೆ ಹೊರಬೀಳುತ್ತದೆ. ‘ಅಡಗು ಗುಣ’ ಎನ್ನಿ. ಹಂಟಿಂಗ್‌ಟನ್ ಎಂಬ ಮಿದುಳಿನ ಕಾಯಿಲೆಗೆ ಒಂದು ಕಡೆಯದ್ದೇ ಸಾಕು, ಅದು ‘ಪ್ರಬಲ’. ಅಲ್ಲಿ ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಬ್ಯಾನರಿಗಾದರೆ ಸುಮ್ನೆ ಒಂದು ಸಾಲು ಬರೆಯಿರಿ: ‘ಇದು ಗಂಡು ಹೆಣ್ಣೆನ್ನದೆ ಬರುತ್ತದೆ, ತಂದೆ ತಾಯಿ ಇಬ್ಬರಿಂದಲೂ ಬರುತ್ತದೆ.’

ಉಡುಪಿಯಿಂದ:
ಆ ಸಾಲನ್ನೇ ದೊಡ್ಡದಾಗಿ ಹಾಕಿದೆ. ಕೆಳಗೆ ಸಣ್ಣಕ್ಷರದಲ್ಲಿ ‘ಲಿಂಗೇತರ ವರ್ಣತಂತುವಿನ ಅಡಗು ಗುಣ’. ಪ್ರೆಸ್ಸಿಗೆ ಹೋಯಿತು. ಎಲ್ಲರಿಗೂ ಥ್ಯಾಂಕ್ಸ್.

ಮೂಲ್ಕಿಯಿಂದ:
ಹಳಗನ್ನಡದಲ್ಲಿ ‘ಅಡಗು’ ಎಂದರೆ ಮಾಂಸ.